ನಾಲಿಗೆಯ ಸಾಕ್ಷಿ

ಅಬಕಾರಿ ಲ್ಯಾಬಿನಲ್ಲಿ ಇಪ್ಪತ್ತೊಂಬತ್ತು ವರ್ಷ
ಸೀಸೆಗಳ ಸೀಲು ಒಡೆದೆ, ಒಂದು ಹನಿ ಕುಡಿಯಲಿಲ್ಲ.
ಗಾಜಿನ ತೇಲುಗಡ್ಡಿ ಇಳಿಬಿಟ್ಟು ಅಂಕಿ ಓದುವುದು,
ಷರಾ ಬರೆಯುವುದು: ಯೋಗ್ಯ. ಯೋಗ್ಯವಲ್ಲ.
ರುಚಿ ಹೇಗಿತ್ತು ಅಂತ ಯಾವ ಕೋರ್ಟೂ ಕೇಳಲಿಲ್ಲ.

ನಿವೃತ್ತಿಯ ದಿನ ಹಾರದ ಜೊತೆ
ಮನೆಗೆ ಬಂದದ್ದು ಒಂದು ಖಾಲಿ ರಿಜಿಸ್ಟರು.
ಈಗ ಅದರಲ್ಲೇ ಬರೆಯುತ್ತೇನೆ.
'ಮಾದರಿ' ಅಂತಿರುವಲ್ಲಿ ವಿಸ್ಕಿ ಹುಟ್ಟಿದ ಊರು,
'ಜಪ್ತಿ ಮಾಡಿದವರು' ಅಂತಿರುವಲ್ಲಿ ಸಂಗಶೆಟ್ಟಿ.
ದುಬೈಯಿಂದ ಅಳಿಯ ಬಂದಾಗಲೆಲ್ಲ
ಸೂಟ್‌ಕೇಸಿನ ತಳ ಜಪ್ತಿ ಮಾಡುವವನು ಅವನೇ.

ಬೀದರಿನ ಜನವರಿ. ಚೌಬಾರದ ಹಿಂದಿನ ಗಲ್ಲಿ, ಅವನ ಮಾಳಿಗೆ.
ತಲೆಗೆ ಮಫ್ಲರು, ತಾಟಿನಲ್ಲಿ ಮಿರ್ಚಿ, ನಾಲ್ಕು ಬಾಟಲಿ.
ಗುರಪಾದಪ್ಪ ಮೊದಲ ಗ್ಲಾಸಿಗೇ ಕೋಲಾ ಸುರಿಯಹೋದ,
ಕೈ ಹಿಡಿದು ಕೂರಿಸಿದೆವು.

ಐರ್ಲೆಂಡಿನದು ಮೂರು ಸಲ ಬಟ್ಟಿ ಇಳಿದು ಬಂದದ್ದು,
ಬೀಗರ ಮನೆಯಲ್ಲಿ ಮೊದಲ ಊಟಕ್ಕೆ ಕೂತ ಅಳಿಯನಷ್ಟು ನಯ.
ಏನು ಕೇಳಿದರೂ ಹೂಂ ಅನ್ನುತ್ತದೆ.

ಅಮೆರಿಕದ್ದು ಮೆಕ್ಕೆಜೋಳದ ಮಗಳು,
ಒಳಗೆ ಸುಟ್ಟ ಹೊಸ ಪೀಪಾಯಿಯಲ್ಲಿ ಬೆಳೆದವಳು.
ಬೆಲ್ಲದ ಪಾಕ ಎಳೆಯಾಗಿ
ಇನ್ನೇನು ತಳ ಹಿಡಿಯಬೇಕು, ಆ ಕ್ಷಣ.
'ಹೂರಣದ ವಾಸನಿ ಬರ್ತದ' ಅಂದ ಗುರಪಾದಪ್ಪ.
ಅವನು ಹೇಳಿದ್ದು ಸರಿಯಿತ್ತು, ಹಾಗೇ ಬರೆದುಕೊಂಡೆ.

ಮೂರನೆಯದು ನಮ್ಮ ದೇಶದ ಬಾರ್ಲಿ.
ಅಲ್ಲಿ ಹನ್ನೆರಡು ವರ್ಷ ಮಲಗಿ ಕಲಿಯುವುದನ್ನು
ಇಲ್ಲಿ ನಾಲ್ಕು ಬೇಸಿಗೆ ಬಡಿದು ಕಲಿಸುತ್ತವೆ.
ಪೀಪಾಯಿಯಿಂದ ಆವಿಯಾದದ್ದು ದೇವದೂತರ ಪಾಲಂತೆ.
ನಮ್ಮ ಸೆಕೆಗೆ ಅವರೂ ಸ್ವಲ್ಪ ಜಾಸ್ತಿಯೇ ಕುಡಿಯುತ್ತಾರೆ.
ಮಾವಿನ ಸಿಪ್ಪೆ, ಲವಂಗ, ಆಮೇಲೆ ಎದೆಯಲ್ಲಿ ಸಣ್ಣ ಕೆಂಡ.
ನೌಬಾದಿನ ಸುರಂಗ ಬಾವಿಯ ನೀರು, ಕಾಯಿಸಿ ಸೋಸಿದ್ದು,
ಎರಡು ಹನಿ ಬಿಟ್ಟರೆ ಕೆಂಡ ಆರಿ
ಹಿತ್ತಲ ಬಾಗಿಲು ತೆರೆದಂತೆ ತಣ್ಣನೆ ಹುಲ್ಲಿನ ವಾಸನೆ.

ನಾಲ್ಕನೆಯದು ಸ್ಕಾಟ್ಲೆಂಡಿನ ಯಾವುದೋ ದ್ವೀಪದ್ದು.
ಬಿರಡೆ ತೆಗೆದದ್ದೇ ತಡ, ಮಾಳಿಗೆ ತುಂಬ ಹೊಗೆ.
'ಸರ್ಕಾರಿ ದವಾಖಾನಿ!' ಗುರಪಾದಪ್ಪ ಮುಖ ತಿರುವಿದ.
ಸಂಗಶೆಟ್ಟಿ ಕಣ್ಣು ಮುಚ್ಚಿ ಸುಮ್ಮನೆ ಕೂತ.
ನಾನು 'ತೊಗರಿ ಕಟ್ಟಿಗೆ' ಅಂತ ಬರೆದೆ, ಹೊಡೆದು ಹಾಕಿದೆ,
'ಹೊತ್ತಿದ ರೊಟ್ಟಿ' ಬರೆದೆ, ಅದನ್ನೂ ಹೊಡೆದೆ.

ಅಷ್ಟರಲ್ಲಿ ಪಕ್ಕದ ಮಾಳಿಗೆಯ ಮೋಟು ಗೋಡೆ ಮೇಲೆ
ಮುನವ್ವರ್ ಉಸ್ತಾದ್, ಕೈಯಲ್ಲಿ ಸುಲೇಮಾನಿ ಚಹಾ.
ಬಿದ್ರಿಯ ಸುರಾಹಿಗೆ ಬೆಳ್ಳಿ ಎಳೆ ಕೂರಿಸಿ
ಬೆರಳ ತುದಿ ಕಪ್ಪಾಗಿ ಉಳಿದ ಮನುಷ್ಯ.
ಅವರು ಇದನ್ನು ಮುಟ್ಟುವವರಲ್ಲ, ನಾವು ಕರೆಯುವವರೂ ಅಲ್ಲ.
ಜೇಬಿನಿಂದ ಕಾಗದದ ಪೊಟ್ಟಣ ಬಿಚ್ಚಿ
ಕೋಟೆಯ ಮಣ್ಣು ಒಂದು ಚಿಟಿಕೆ ನಾಲಿಗೆಗೆ ಇಟ್ಟರು,
ತಡೆದು, ಥೂ ಅಂತ ಉಗುಳಿದರು.
'ಬಿಸಿಲು ತಿಂದದ. ಇದು ಕಪ್ಪು ಕೊಡಂಗಿಲ್ಲ.'
ಇನ್ನೊಂದು ಪೊಟ್ಟಣ.
ಈ ಸಲ ತಡವಾಗಿ ಉಗುಳಿದರು, ನಕ್ಕರು.

ಗ್ಲಾಸು ಗೋಡೆಯ ಮೇಲಿಟ್ಟು ಕೇಳಿದೆ:
ಬರೇ ವಾಸನಿ ನೋಡ್ರಿ ಉಸ್ತಾದ್, ಏನಿದು?
ಒಂದು ಗೇಣು ದೂರದಿಂದ ಒಂದೇ ಉಸಿರು ಎಳೆದರು.
'ಮಣ್ಣದ ಇದು. ನೀರಾಗ ಭಾಳ ವರ್ಷ ಮಲಗಿದ್ದ ಮಣ್ಣು.
ಯಾರೋ ಎಬ್ಬಿಸಿ ಸುಟ್ಟಾರ.'

ಜವುಗು ನೆಲ ಅಗೆದು, ಹೆಂಟೆ ಒಣಗಿಸಿ,
ಅದರ ಹೊಗೆಯಲ್ಲಿ ಬಾರ್ಲಿ ಹದಮಾಡುತ್ತಾರೆಂದು
ನಾನು ಓದಿ ತಿಳಿದವನು.
ಪೆನ್ನಿನ ಟೊಪ್ಪಿಗೆ ಹಾಕಿದೆ.

ನಿಮ್ಮ ಮಣ್ಣು ಒಂದು ಚಿಟಿಕೆ ಕೊಡ್ರಿ ಅಂದೆ.
ಕೊಟ್ಟರು, ಎರಡನೆಯ ಪೊಟ್ಟಣದ್ದು.
ಉಪ್ಪೂ ಅಲ್ಲ, ಹುಳಿಯೂ ಅಲ್ಲ.
ಚಿಕ್ಕಂದಿನಲ್ಲಿ ಕಚ್ಚಿದ ಹಳೆ ಬೀಗದಕೈ,
ಅದರಾಚೆ ಕತ್ತಲು, ಅದರಾಚೆ ತಂಪು.
ಮಿರ್ಚಿ ತಣ್ಣಗಾದವು ಅಂತ ಗುರಪಾದಪ್ಪ ಗೊಣಗುತ್ತಿದ್ದ.

'ಉಗುಳ್ರಿ ಸಾಹೇಬ್ರ, ಅದು ನುಂಗೂದಲ್ಲ!'
ಉಸ್ತಾದ್ ಗೋಡೆ ಬಡಿದು ಕೂಗುವ ಹೊತ್ತಿಗೆ
ನಾನು ನುಂಗಿಯಾಗಿತ್ತು.